ಫ್ರೀಟೈಪ್ ಮೊದಲೋ, ಹಾರ್ಫ್‌ಬಜ್ ಮೊದಲೋ? ಆಟಿ ತಿಂಗಳಲ್ಲಿ ಜೆಂಟೂ ಕಟ್ಟಿದ್ದು

ಯಂತ್ರ ಥಿಂಕ್‌ಪ್ಯಾಡ್ ಎಕ್ಸ್220. 2011ರ ಮಾಡೆಲ್. ಎರಡು ಕೋರ್, ನಾಲ್ಕು ಥ್ರೆಡ್‌ನ ಐ5, 4 ಜಿಬಿ ರ‍್ಯಾಮ್, ಈಚೆಗೆ ನಾನೇ ಹಾಕಿದ 240 ಜಿಬಿ ಎಸ್‌ಎಸ್‌ಡಿ. ಬ್ಯಾಟರಿ ಹದಿನೈದು ನಿಮಿಷ ನಿಲ್ಲುತ್ತದೆ, ಜಾಸ್ತಿ ಇಲ್ಲ. ಜಾಗ ಕಾಸರಗೋಡು ಜಿಲ್ಲೆಯ ಪೆರ್ಲ, ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ನಡುವಿನ ಮನೆ. ತಿಂಗಳು ಆಟಿ. ಅಂದರೆ ಮಳೆ ಬಿಡುವುದಿಲ್ಲ, ಕರೆಂಟು ಇರುವುದಿಲ್ಲ.

ಕೆಲಸ ಅಪ್ಪನದ್ದು. ಅವರು ತಾಳಮದ್ದಳೆ ಅರ್ಥಧಾರಿ. ನಲವತ್ತು ವರ್ಷದಿಂದ ಬರೆದಿಟ್ಟ ಪ್ರಸಂಗದ ನೋಟ್‌ಪುಸ್ತಕಗಳಿವೆ, ಕೆಲವಕ್ಕೆ ಗೆದ್ದಲು ಹಿಡಿದಿದೆ. ಅವನ್ನೆಲ್ಲ ಟೈಪ್ ಮಾಡಬೇಕು, ತಾವೇ ಮಾಡುತ್ತೇನೆ ಎಂದು ಕೂತಿದ್ದಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದ ಮೇಲೆ ಇಷ್ಟಾದರೂ ಮಾಡಬೇಡವಾ ಎಂಬುದು ಅವರ ಮಾತು. ಹಾಗಾಗಿ ನನಗೆ ಬೇಕಾದದ್ದು ಇಷ್ಟೆ: ಹಗುರವಾದ ಡೆಸ್ಕ್‌ಟಾಪ್, ಕನ್ನಡ ಟೈಪಿಂಗ್, ಒತ್ತಕ್ಷರ ಒಡೆಯದೆ ಕಾಣುವುದು, ಒಂದು ಬ್ರೌಸರ್.

ಡೆಬಿಯನ್ ಹಾಕಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು, ನಿಜ. ಆದರೆ ನಾನು ಲಿನಕ್ಸ್ ಮುಟ್ಟಿದ್ದು ಶಾಲೆಯಲ್ಲಿ, ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯ ಕಂಪ್ಯೂಟರ್‌ಗಳಲ್ಲಿ, ಕನ್ನಡ ಮಾಧ್ಯಮದ ಪಾಠದ ಜೊತೆಗೆ. ಪರದೆಯ ಮೇಲೆ ಕನ್ನಡ ಅಕ್ಷರ ಹೇಗೆ ಬರುತ್ತದೆ, ಯಾವ ಲೈಬ್ರರಿಯ ಹಿಂದೆ ಯಾವ ಲೈಬ್ರರಿ ನಿಂತಿದೆ ಎಂಬುದನ್ನು ಒಮ್ಮೆ ಬುಡದಿಂದ ನೋಡಬೇಕೆಂಬ ಆಸೆ ಅಂದಿನದು. ಜೆಂಟೂ ಎಂಬ ಲಿನಕ್ಸ್‌ನಲ್ಲಿ ಪ್ರತಿ ಪ್ಯಾಕೇಜೂ ಸೋರ್ಸ್ ಕೋಡಿನಿಂದ ನಮ್ಮ ಕಣ್ಣ ಮುಂದೆಯೇ ಕಂಪೈಲ್ ಆಗುತ್ತದೆ. ನೋಡಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬುಡ ಅಂದೆ, ಪೂರ್ತಿ ಬುಡ ಅಲ್ಲ. ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಮಾಡುವವರು ಬೈನ್‌ಯುಟಿಲ್ಸ್ ಒಂದು ಸಲ, ಜಿಸಿಸಿ ಒಂದು ಸಲ, ಆಮೇಲೆ ಕರ್ನಲ್ ಹೆಡರ್, ಜಿಲಿಬ್‌ಸಿ, ಮತ್ತೆ ಬೈನ್‌ಯುಟಿಲ್ಸ್, ಮತ್ತೆ ಜಿಸಿಸಿ ಎಂದು ಕೈಯಾರೆ ಕಟ್ಟುತ್ತಾರೆ. ಕಂಪೈಲರ್ ಕಟ್ಟಲು ಕಂಪೈಲರ್ ಬೇಕು ಎಂಬ ಗಂಟನ್ನು ಅವರು ಹಾಗೆ ಬಿಡಿಸುತ್ತಾರೆ. ಜೆಂಟೂ ಆ ಗಂಟನ್ನು ಬಿಡಿಸಿಯೇ ಕೊಡುತ್ತದೆ. ಸ್ಟೇಜ್3 ಎಂಬ ಟಾರ್ ಫೈಲಿನಲ್ಲಿ ಕಂಪೈಲರ್, ಸಿ ಲೈಬ್ರರಿ, ಪೈಥಾನ್, ಜೆಂಟೂವಿನ ಪ್ಯಾಕೇಜ್ ಮ್ಯಾನೇಜರ್ ಆದ ಪೋರ್ಟೇಜ್ ಎಲ್ಲ ಇರುತ್ತದೆ. ಅಲ್ಲಿಂದ ಮೇಲೆ ನಮ್ಮ ಕೆಲಸ.

ಮೊದಲ ದಿನ ಒಂದು ಸಣ್ಣ ಆಟ ಆಡಿದೆ. ಇದನ್ನು ಯಾರು ಬೇಕಾದರೂ ಯಾವ ಲಿನಕ್ಸ್‌ನಲ್ಲಿ ಬೇಕಾದರೂ ಮಾಡಬಹುದು. ಟಿಸಾರ್ಟ್ ಎಂಬ ಪುಟ್ಟ ಕಮಾಂಡ್ ಇದೆ, ಹಳೆಯ ಯುನಿಕ್ಸ್ ಕಾಲದ್ದು. ಆಗಿನ ಲಿಂಕರ್ ಲೈಬ್ರರಿ ಫೈಲನ್ನು ಒಂದೇ ಸಲ ಓದುತ್ತಿತ್ತು, ಹಿಂದೆ ತಿರುಗಿ ನೋಡುತ್ತಿರಲಿಲ್ಲ, ಹಾಗಾಗಿ ಒಳಗಿನ ಫೈಲುಗಳನ್ನು ಸರಿಯಾದ ಸಾಲಿನಲ್ಲಿ ಜೋಡಿಸಿ ಕೊಡಬೇಕಿತ್ತು. ಅದಕ್ಕೆ ಹುಟ್ಟಿದ್ದು ಇದು. ಒಂದು ಟೆಕ್ಸ್ಟ್ ಫೈಲಿನಲ್ಲಿ ಜೋಡಿ ಜೋಡಿಯಾಗಿ ಬರೆಯಬೇಕು, ಎಡಗಡೆಯದ್ದು ಮೊದಲು ಆಗಬೇಕಾದ್ದು, ಬಲಗಡೆಯದ್ದು ಆಮೇಲೆ. ಪರದೆಗೆ ಅಕ್ಷರ ತರಲು ಬೇಕಾದ ಐದು ಲೈಬ್ರರಿಗಳ ಹೆಸರನ್ನು ನಾನು ಕನ್ನಡದಲ್ಲೇ ಬರೆದೆ:

ಲಿಬ್‌ಪಿಎನ್‌ಜಿ ಫ್ರೀಟೈಪ್
ಹಾರ್ಫ್‌ಬಜ್ ಪ್ಯಾಂಗೋ
ಜೆಡ್‌ಲಿಬ್ ಲಿಬ್‌ಪಿಎನ್‌ಜಿ
ಫ್ರೀಟೈಪ್ ಹಾರ್ಫ್‌ಬಜ್

ಬೇಕೆಂದೇ ಸಾಲು ತಪ್ಪಿಸಿ ಬರೆದದ್ದು. ಟಿಸಾರ್ಟ್‌ಗೆ ಕೊಟ್ಟರೆ ಜೆಡ್‌ಲಿಬ್, ಲಿಬ್‌ಪಿಎನ್‌ಜಿ, ಫ್ರೀಟೈಪ್, ಹಾರ್ಫ್‌ಬಜ್, ಪ್ಯಾಂಗೋ ಎಂದು ನೇರ ಸಾಲು ಬಂತು. ಒಳಗೆ ನಡೆಯುವುದು ಸರಳ. ಯಾರಿಗೂ ಕಾಯಬೇಕಾಗಿಲ್ಲದವರನ್ನು ಹುಡುಕು, ಅವರನ್ನು ಮೊದಲು ಕಳಿಸು, ಅವರ ಹೆಸರನ್ನು ಉಳಿದವರ ಪಟ್ಟಿಯಿಂದ ಅಳಿಸು, ಈಗ ಯಾರು ಕಾಯಬೇಕಾಗಿಲ್ಲ ಎಂದು ಮತ್ತೆ ನೋಡು. ಇದನ್ನು ಹೀಗೆ ಅಚ್ಚುಕಟ್ಟಾಗಿ ಬರೆದವರು ಆರ್ಥರ್ ಕಾನ್, 1962ರಲ್ಲಿ. ಪೋರ್ಟೇಜ್ ಸಾವಿರ ಪ್ಯಾಕೇಜಿಗೆ ಮಾಡುವುದೂ ಮೂಲದಲ್ಲಿ ಇದೇ ಕೆಲಸ.

ಆಮೇಲೆ ಐದನೇ ಸಾಲು ಸೇರಿಸಿದೆ: ಹಾರ್ಫ್‌ಬಜ್ ಫ್ರೀಟೈಪ್. ಟಿಸಾರ್ಟ್ ತಕ್ಷಣ ಹೇಳಿತು, ಕೊಟ್ಟ ಪಟ್ಟಿಯಲ್ಲಿ ಸುತ್ತು ಇದೆ ಎಂದು. ಆ ಐದನೇ ಸಾಲು ನಾನು ಕಟ್ಟಿದ್ದಲ್ಲ, ನಿಜವಾಗಿ ಇರುವುದು. ಅದರ ಕತೆ ಮುಂದೆ ಬರುತ್ತದೆ.

ಎಮರ್ಜ್‌ಗೆ (ಪೋರ್ಟೇಜನ್ನು ಓಡಿಸುವ ಕಮಾಂಡ್) ಪ್ರಿಟೆಂಡ್ ಮತ್ತು ಟ್ರೀ ಎಂಬ ಎರಡು ಆಪ್ಶನ್ ಕೊಟ್ಟು ನೋಡುವುದು ನನ್ನ ಮೊದಲ ಹೆಜ್ಜೆ. ಏನೂ ಕಂಪೈಲ್ ಮಾಡುವುದಿಲ್ಲ, ಸುಮ್ನೆ ಪಟ್ಟಿ ತೋರಿಸುತ್ತದೆ. ಟ್ರೀ ಕೊಟ್ಟಾಗ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಎಲ್ಲಕ್ಕಿಂತ ಕೆಳಗಿನದ್ದು ಮೊದಲು ಆಗುವುದು. ಯಾರು ಯಾರನ್ನು ಎಳೆದು ತಂದರು ಎಂಬುದು ಇಂಡೆಂಟ್ ನೋಡಿದರೆ ಗೊತ್ತಾಗುತ್ತದೆ. ನನ್ನ ಪಟ್ಟಿಯಲ್ಲಿ ನಾನು ಕೇಳದೇ ಇದ್ದ ಒಂದು ಹೆಸರು ನಡುವಿನಲ್ಲಿ ಕೂತಿತ್ತು: ರಸ್ಟ್. ಯಾಕೆ ಅಂದರೆ ಐಕಾನ್ ಬಿಡಿಸುವ ಲಿಬ್‌ಆರ್‌ಎಸ್‌ವಿಜಿ ರಸ್ಟ್‌ನಲ್ಲಿ ಬರೆದದ್ದು. ರಸ್ಟ್ ಕಂಪೈಲರನ್ನೇ ಈ ಯಂತ್ರದಲ್ಲಿ ಕಂಪೈಲ್ ಮಾಡಹೋದರೆ ಒಂದು ಇಡೀ ದಿನ ಹೋಗುತ್ತದೆ. ಇಲ್ಲಿ ಕ್ರಮದ ಮೊದಲ ಉಪಾಯ. ರಸ್ಟ್‌ನ ಸಿದ್ಧ ಬೈನರಿ ಪ್ಯಾಕೇಜು ಬೇರೆಯೇ ಇದೆ, ರಸ್ಟ್ ಬಿನ್ ಅಂತ. ಅದನ್ನು ಮೊದಲೇ ಹಾಕಿಬಿಟ್ಟರೆ, ಆಮೇಲೆ ರಸ್ಟ್ ಬೇಕು ಎಂದವರಿಗೆಲ್ಲ ಪೋರ್ಟೇಜ್ ಇದನ್ನೇ ತೋರಿಸುತ್ತದೆ. ಹಾಕುವಾಗ ಎಮರ್ಜ್ -1 ಎಂದು ಕೊಟ್ಟೆ. ಆ -1 ಇದ್ದರೆ ಹೆಸರು ವರ್ಲ್ಡ್ ಪಟ್ಟಿಗೆ, ಅಂದರೆ ನಾವೇ ಬೇಕೆಂದು ಕೇಳಿ ಹಾಕಿದವುಗಳ ಪಟ್ಟಿಗೆ, ಸೇರುವುದಿಲ್ಲ. ಇದು ಮುಖ್ಯ. ಕ್ರಮಕ್ಕಾಗಿ ನಾವು ನಡುವೆ ಕೈಹಾಕಿ ಕಟ್ಟಿದ ಪ್ರತಿಯೊಂದನ್ನೂ -1 ಇಲ್ಲದೆ ಕಟ್ಟಿದರೆ, ವರ್ಷ ಕಳೆದ ಮೇಲೆ ವರ್ಲ್ಡ್ ಪಟ್ಟಿ ನೋಡಿದಾಗ ಯಾವುದು ನನಗೆ ಬೇಕಾದ್ದು, ಯಾವುದು ದಾರಿಗೆ ಹಾಕಿದ ಹಲಗೆ ಎಂದು ತಿಳಿಯುವುದಿಲ್ಲ.

ಇನ್ನು ಫ್ರೀಟೈಪ್ ವಿಷಯ. ಅಕ್ಷರದ ಆಕಾರವನ್ನು ಫಾಂಟ್ ಫೈಲಿನಿಂದ ಓದಿ ಚುಕ್ಕಿ ಚುಕ್ಕಿಯಾಗಿ ಬಿಡಿಸುವುದು ಫ್ರೀಟೈಪ್. ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ಆಕಾರ ಆಗಬೇಕು, ಒತ್ತು ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವುದು ಹಾರ್ಫ್‌ಬಜ್. ಕನ್ನಡಕ್ಕೆ ಇದೇ ಜೀವಾಳ. ಧರ್ಮ ಎಂದು ಟೈಪ್ ಮಾಡುವಾಗ ರ ಮೊದಲು ಬರುತ್ತದೆ, ಮ ಆಮೇಲೆ. ಆದರೆ ಕಾಣುವಾಗ ಮ ಮುಂದೆ ಹೋಗಿ ಅರ್ಕಾವತ್ತು ಅದರ ಬೆನ್ನಿಗೆ ಕೂರಬೇಕು. ಆ ಹಿಂದುಮುಂದು ಮಾಡುವವನು ಹಾರ್ಫ್‌ಬಜ್. ಅವನಿಲ್ಲದೆ ಅಕ್ಷರದ ಸಾಲು ಜೋಡಿಸುವ ಪ್ಯಾಂಗೋ ಇಲ್ಲ, ಪ್ಯಾಂಗೋ ಇಲ್ಲದೆ ಪರದೆಯ ಕಿಟಕಿ, ಗುಂಡಿಗಳನ್ನು ಬಿಡಿಸುವ ಜಿಟಿಕೆ ಇಲ್ಲ.

ಈಗ ಗಂಟು. ಹಾರ್ಫ್‌ಬಜ್‌ಗೆ ಟ್ರೂಟೈಪ್ ಎಂಬ ಯೂಸ್ ಫ್ಲಾಗ್ (ಕಟ್ಟುವಾಗ ಯಾವ ಸೌಲಭ್ಯ ಸೇರಬೇಕು ಎಂದು ಹೇಳುವ ಗುರುತು) ಇದ್ದರೆ ಫ್ರೀಟೈಪ್ ಬೇಕು. ಫ್ರೀಟೈಪ್‌ಗೆ ಹಾರ್ಫ್‌ಬಜ್ ಎಂಬ ಯೂಸ್ ಫ್ಲಾಗ್ ಇದ್ದರೆ ಹಾರ್ಫ್‌ಬಜ್ ಬೇಕು. ಎರಡೂ ಕಂಪೈಲ್ ಆಗುವ ಹೊತ್ತಿಗೆ ಬೇಕು. ಎರಡನೇ ರಾತ್ರಿ ಪೋರ್ಟೇಜ್ ಸರ್ಕ್ಯುಲರ್ ಡಿಪೆಂಡೆನ್ಸಿ ಎಂದು ಹೇಳಿ ನಿಂತಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ನನಗೂ ಇದು ಸ್ಪಷ್ಟವಾದದ್ದು ಈ ಸಲವೇ. ಜೆಂಟೂನಲ್ಲಿ ಡಿಪೆಂಡೆನ್ಸಿ ಎಂದರೆ ಒಂದೇ ಬಗೆ ಅಲ್ಲ. ಬಿಡಿಪೆಂಡ್ ಅಂದರೆ ಕಟ್ಟುವಾಗ ಓಡಿಸಬೇಕಾದ ಉಪಕರಣ, ಸಿಮೇಕ್, ನಿಂಜಾದಂಥದ್ದು. ಡಿಪೆಂಡ್ ಅಂದರೆ ಕಟ್ಟುವಾಗ ಹೆಡರ್, ಲೈಬ್ರರಿ ಸಿಗಬೇಕಾದದ್ದು. ಆರ್‌ಡಿಪೆಂಡ್ ಅಂದರೆ ಓಡುವಾಗ ಇರಬೇಕಾದದ್ದು. ಪಿಡಿಪೆಂಡ್ ಅಂದರೆ ಆಮೇಲೆ ಯಾವಾಗಲಾದರೂ ಬಂದರೆ ಸಾಕು ಎನ್ನುವುದು. ಓಡುವಾಗ ಮಾತ್ರ ಬೇಕಾದ ಇಬ್ಬರು ಪರಸ್ಪರ ಕೈಹಿಡಿದಿದ್ದರೆ ಪೋರ್ಟೇಜ್‌ಗೆ ತೊಂದರೆ ಇಲ್ಲ, ಒಬ್ಬನನ್ನು ಕೂರಿಸಿ ಇನ್ನೊಬ್ಬನನ್ನು ಬೇಗ ಕರೆತರುತ್ತದೆ. ಕಟ್ಟುವಾಗಲೇ ಪರಸ್ಪರ ಬೇಕಾದರೆ ಮಾತ್ರ ಯಾವ ಸಾಲೂ ಇಲ್ಲ. ಆಗ ಯಾರೋ ಒಬ್ಬರ ಬೇಡಿಕೆಯನ್ನು ತಾತ್ಕಾಲಿಕವಾಗಿ ಕಡಿಮೆ ಮಾಡಲೇಬೇಕು.

ಯಾರದ್ದು ಎಂಬುದಕ್ಕೆ ಉತ್ತರ ಪೋರ್ಟೇಜೇ ಕೆಳಗೆ ಬರೆದಿರುತ್ತದೆ, ಗಾಬರಿಯಲ್ಲಿ ನಾವು ಓದುವುದಿಲ್ಲ ಅಷ್ಟೆ. ಫ್ರೀಟೈಪ್‌ನಿಂದ ಹಾರ್ಫ್‌ಬಜ್ ಫ್ಲಾಗ್ ತೆಗೆದರೆ ಸುತ್ತು ಬಿಡುತ್ತದೆ ಎಂದು ಸಲಹೆ ಇತ್ತು. ಯೋಚಿಸಿದರೆ ಅದೇ ಸರಿ. ಫ್ರೀಟೈಪ್‌ಗೆ ಹಾರ್ಫ್‌ಬಜ್ ಬೇಕಾಗುವುದು ಅದರ ಆಟೋಹಿಂಟರ್ (ಅಕ್ಷರದ ಗೆರೆಯನ್ನು ಪರದೆಯ ಚುಕ್ಕಿಗೆ ಹೊಂದಿಸುವ ಭಾಗ) ಇನ್ನಷ್ಟು ಚೆನ್ನಾಗಿ ಕೆಲಸ ಮಾಡಲಿಕ್ಕೆ, ಅದಿಲ್ಲದೆಯೂ ಅಕ್ಷರ ಬಿಡಿಸಲು ಬರುತ್ತದೆ. ಹಾಗಾಗಿ ಯೂಸ್ ವೇರಿಯೇಬಲ್‌ನಲ್ಲಿ ಮೈನಸ್ ಹಾರ್ಫ್‌ಬಜ್ ಎಂದು ಕಮಾಂಡಿನ ಮುಂದೆಯೇ ಕೊಟ್ಟು ಎಮರ್ಜ್ -1 ಫ್ರೀಟೈಪ್ ಮಾಡಿದೆ. ಎರಡು ನಿಮಿಷದ ಕೆಲಸ. ಆಮೇಲೆ ಹಾರ್ಫ್‌ಬಜ್. ಆಮೇಲೆ ಫ್ರೀಟೈಪ್ ಮತ್ತೊಮ್ಮೆ, ಈ ಸಲ ಪೂರ್ತಿ ಫ್ಲಾಗ್ ಜೊತೆ. ಮೈನಸ್ ಫ್ಲಾಗನ್ನು ಕಾನ್ಫಿಗ್ ಫೈಲಿಗೆ ಬರೆಯಬೇಡಿ. ಬರೆದರೆ ಅಲ್ಲೇ ಉಳಿದುಬಿಡುತ್ತದೆ, ಎರಡನೇ ಸಲ ಕಟ್ಟುವುದು ಮರೆತೇಹೋಗುತ್ತದೆ.

ಇದೇ ರೀತಿ ಇನ್ನೆರಡು ಜೋಡಿ ಸಿಕ್ಕಿದವು. ಟಿಫ್ ಮತ್ತು ಲಿಬ್‌ವೆಬ್‌ಪಿ ಒಂದು, ಮೆಸಾ ಮತ್ತು ಲಿಬ್‌ವಿಎ ಇನ್ನೊಂದು. ಉಪಾಯ ಅದೇ, ಹೆಚ್ಚು ವಿವರ ಬೇಡ.

ತೋಟದಲ್ಲಿ ಆ ವಾರವೇ ಮದ್ದು ಬಿಡುವ ಕೆಲಸವೂ ನಡೆದಿತ್ತು, ಅಡಿಕೆಗೆ ಮಹಾಳಿ (ಕೊಳೆರೋಗ) ಬಾರದಂತೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು, ಸುಣ್ಣದ ನೀರನ್ನು ಮೈಲುತುತ್ತಿಗೆ ಹೊಯ್ಯಬಾರದು. ಬ್ಯಾರಲ್ ಪಕ್ಕ ನಿಂತು ಕೋಲು ತಿರುಗಿಸುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಬೇರೆ ಲೆಕ್ಕ. ಮದ್ದು ಬಿಡುವವರು ಮಳೆ ಎಷ್ಟು ಹೊತ್ತು ಬಿಡುತ್ತದೆ ಎಂದು ನೋಡಿ ಎಷ್ಟು ಮರ ಹತ್ತುವುದು ಎಂದು ತೀರ್ಮಾನಿಸುತ್ತಾರೆ. ಅರ್ಧ ಮರಕ್ಕೆ ಬಿಟ್ಟು ಮಳೆ ಬಂದರೆ ಮದ್ದೂ ಹೋಯಿತು, ಕೂಲಿಯೂ ಹೋಯಿತು. ಕರೆಂಟಿನ ಲೆಕ್ಕವನ್ನೂ ಹೀಗೇ ಹಾಕಬೇಕಿತ್ತು. ನಾನು ಹಾಕಿರಲಿಲ್ಲ.

ಮೂರನೇ ದಿನ ಸಂಜೆ ಏನಾಯಿತು ಅಂದರೆ, ಎಪಿಫನಿ ಬ್ರೌಸರ್ ಬೇಕೆಂದು ಅದರ ಎಂಜಿನ್ ಆದ ವೆಬ್‌ಕಿಟ್ ಕಂಪೈಲ್‌ಗೆ ಹಾಕಿದೆ. ಮೇಕ್‌ಆಪ್ಟ್ಸ್‌ನಲ್ಲಿ ಜೆ4 ಇತ್ತು, ಅಂದರೆ ಒಮ್ಮೆಗೆ ನಾಲ್ಕು ಕೆಲಸ, ನಾಲ್ಕು ಥ್ರೆಡ್ ಇದೆಯಲ್ಲಾ ಎಂದು. ಒಂದು ಗಂಟೆ ಕಳೆದು ನೋಡಿದರೆ ಕೀಲಿ ಒತ್ತಿದರೂ ಪರದೆ ಅಲುಗಾಡುತ್ತಿಲ್ಲ. ಆಮೇಲೆ ಸಿಸಿ1ಪ್ಲಸ್ ಎಂಬ ಪ್ರೋಗ್ರಾಂ ಕೊಲ್ಲಲ್ಪಟ್ಟಿದೆ ಎಂದು ಎರರ್. ಕೋಡ್ ತಪ್ಪು ಎಂದು ತುಂಬಾ ಹುಡುಕಿದೆ. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ನೋಡಿದಾಗ ಗೊತ್ತಾಯಿತು, ರ‍್ಯಾಮ್ ಮುಗಿದು ಕರ್ನಲ್ಲೇ ಕಂಪೈಲರನ್ನು ಕೊಂದಿತ್ತು. ಒಂದೊಂದು ಕೆಲಸಕ್ಕೆ 2 ಜಿಬಿ ರ‍್ಯಾಮ್ ಇಟ್ಟುಕೊಳ್ಳಿ ಎಂದು ಜೆಂಟೂ ಹ್ಯಾಂಡ್‌ಬುಕ್ಕೇ ಹೇಳುತ್ತದೆ, ಹಾಗಾದರೆ ನನ್ನ 4 ಜಿಬಿಗೆ ಜೆ2 ಅಷ್ಟೆ. ಸಣ್ಣ ಸಿ ಪ್ಯಾಕೇಜುಗಳಿಗೆ ಜೆ4 ಇರಲಿ, ವೆಬ್‌ಕಿಟ್‌ನಂಥ ಸಿ ಪ್ಲಸ್ ಪ್ಲಸ್ ಗುಡ್ಡಗಳಿಗೆ ಮಾತ್ರ ಜೆ2 ಎಂದು ಪ್ಯಾಕೇಜ್ ಡಾಟ್ ಎನ್ವ್ ಫೈಲಿನಲ್ಲಿ ಬೇರೆಯಾಗಿ ಬರೆದೆ. 8 ಜಿಬಿ ಸ್ವಾಪ್ ಕೂಡ ಸೇರಿಸಿದೆ. ಎಮರ್ಜ್‌ನ ಜಾಬ್ಸ್ ಆಪ್ಶನ್ (ಒಮ್ಮೆಗೆ ಎಷ್ಟು ಪ್ಯಾಕೇಜು ಎಂಬುದು) ಒಂದೇ ಇರಲಿ. ಜಾಬ್ಸ್ ಎರಡು, ಮೇಕ್ ಜೆ4 ಎಂದರೆ ಒಮ್ಮೆಗೆ ಎಂಟು ಕಂಪೈಲರ್ ಏಳಬಹುದು.

ಮರುದಿನ ಮತ್ತೆ ಹಾಕಿದೆ. ಕಂಪೈಲ್ ಶುರುವಾಗಿ ಆರನೇ ಗಂಟೆಗೆ ಕರೆಂಟು ಹೋಯಿತು. ಇನ್ವರ್ಟರ್‌ನಲ್ಲಿ ಓಡುತ್ತಾ ಇತ್ತು, ರಾತ್ರಿ ಹತ್ತಕ್ಕೆ ಅದೂ ಕೂಗಲು ಶುರು ಮಾಡಿತು. ಅಮ್ಮ ಒಳಗಿನಿಂದ, ‘ಅದನ್ನು ನಿಲ್ಲಿಸು ಮಾರಾಯಾ, ಬೆಳಗಿನವರೆಗೆ ಒಂದು ಲೈಟಾದರೂ ಬೇಕಲ್ಲಾ’ ಅಂದರು. ನಿಲ್ಲಿಸಿದೆ.

ಆ ಆರೇಳು ಗಂಟೆ ಪೂರ್ತಿ ಹೋಗಲಿಲ್ಲ. ಅದಕ್ಕೆ ಎರಡು ಕಾರಣ. ಒಂದು, ಪೋರ್ಟೇಜ್ ಕೆಲಸ ಮಾಡುವ ಡೈರೆಕ್ಟರಿಯನ್ನು ನಾನು ಟಿಎಂಪಿಎಫ್‌ಎಸ್‌ನಲ್ಲಿ ಇಟ್ಟಿರಲಿಲ್ಲ, ಎಸ್‌ಎಸ್‌ಡಿಯಲ್ಲೇ ಇಟ್ಟಿದ್ದೆ. ರ‍್ಯಾಮ್‌ನಲ್ಲಿ ಇಟ್ಟಿದ್ದರೆ ಆಫ್ ಮಾಡಿದ ಕೂಡಲೇ ಎಲ್ಲ ಅಳಿಸಿಹೋಗುತ್ತಿತ್ತು. ಎರಡು, ಎಮರ್ಜ್ ಹೊಸದಾಗಿ ಶುರು ಮಾಡಿದರೆ ಹಳೆಯದನ್ನು ಗುಡಿಸಿ ಹಾಕುತ್ತದೆ, ಆದರೆ ಅದರ ಕೆಳಗಿನ ಇಬಿಲ್ಡ್ ಎಂಬ ಕಮಾಂಡ್ ಹಾಗಲ್ಲ. ಯಾವ ಹಂತ ಮುಗಿದಿದೆ ಎಂಬುದಕ್ಕೆ ಡೈರೆಕ್ಟರಿಯಲ್ಲಿ ಗುರುತಿನ ಫೈಲುಗಳಿರುತ್ತವೆ, ಅವನ್ನು ನೋಡಿ ನಿಂತಲ್ಲಿಂದ ಮುಂದುವರಿಯುತ್ತದೆ. ಕೀಪ್‌ವರ್ಕ್ ಫೀಚರ್ ಹಾಕಿ, ವೆಬ್‌ಕಿಟ್‌ನ ಇಬಿಲ್ಡ್ ಫೈಲಿನ (ಕಟ್ಟುವ ವಿಧಾನ ಬರೆದಿರುವ ಫೈಲು) ದಾರಿ ಕೊಟ್ಟು, ಕೊನೆಗೆ ಮರ್ಜ್ ಎಂದೆ. ಬಿಚ್ಚುವುದು, ಕಾನ್ಫಿಗರ್ ಎಲ್ಲ ಬಿಟ್ಟು ನೇರ ನಿಂಜಾಕ್ಕೆ ಹೋಯಿತು. ನಿಂಜಾ ಆಗಲೇ ಮುಗಿದಿದ್ದ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಎತ್ತಿಕೊಂಡಿತು. ಎರಡು ರಾತ್ರಿ ಸೇರಿ ಹದಿಮೂರು ಗಂಟೆಯಲ್ಲಿ ವೆಬ್‌ಕಿಟ್ ಆಯಿತು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಅದರ ಮರುದಿನ, ಅದು ಕರೆಂಟಿನದ್ದಲ್ಲ, ಕ್ರಮದ್ದು. ಎಲ್ಲ ಆಯಿತಲ್ಲ ಎಂದು ಸಿಂಕ್ ಮಾಡಿ, ಅಂದರೆ ಜೆಂಟೂವಿನ ಪ್ಯಾಕೇಜ್ ಪಟ್ಟಿಯನ್ನು ಹೊಸದಾಗಿ ಇಳಿಸಿಕೊಂಡು, ವರ್ಲ್ಡ್ ಅಪ್‌ಡೇಟ್ ಪ್ರಿಟೆಂಡ್ ನೋಡಿದೆ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಹೊಸ ಆವೃತ್ತಿ ಬಂದಿತ್ತು. ಅದರ ಮೇಲೆ, ಸಣ್ಣ ಆರ್ ಅಕ್ಷರದ ಗುರುತಿನೊಂದಿಗೆ, ವೆಬ್‌ಕಿಟ್. ಅಂದರೆ ಮತ್ತೆ ಕಟ್ಟಬೇಕು. ಐಸಿಯು ಆವೃತ್ತಿ ಬದಲಾದರೆ ಅದರ ಸಬ್‌ಸ್ಲಾಟ್ (ಹೊಂದಾಣಿಕೆಯ ಗುರುತು) ಬದಲಾಗುತ್ತದೆ, ಅದಕ್ಕೆ ಲಿಂಕ್ ಆದವರೆಲ್ಲ ಮತ್ತೆ ಲಿಂಕ್ ಆಗಬೇಕು. ಇಬಿಲ್ಡ್‌ನಲ್ಲಿ ಐಸಿಯು ಹೆಸರಿನ ಮುಂದೆ ಕೋಲನ್ ಮತ್ತು ಸಮ ಚಿಹ್ನೆ ಇರುತ್ತದೆ, ಅದರ ಅರ್ಥ ಇದೇ. ಪೋರ್ಟೇಜ್ ತಪ್ಪಿಲ್ಲ, ಅದು ಹಾಗೆ ಮಾಡದಿದ್ದರೆ ಬ್ರೌಸರ್ ಹಳೆಯ ಐಸಿಯುವನ್ನೇ ಹುಡುಕುತ್ತಿತ್ತು. ಆದರೆ ಪೋರ್ಟೇಜ್‌ಗೆ ಗೊತ್ತಿರುವುದು ಈ ಹೊತ್ತಿನ ಪಟ್ಟಿಯ ಕ್ರಮ ಮಾತ್ರ. ನಾಳೆ ನಾನು ಸಿಂಕ್ ಮಾಡುತ್ತೇನೆ ಎಂಬುದು ಅದಕ್ಕೆ ಹೇಗೆ ಗೊತ್ತು? ಆ ಹದಿಮೂರು ಗಂಟೆ ಎರಡನೇ ಸಲ ಖರ್ಚಾದದ್ದು ನನಗೆ ಬಹಳ ಬೇಸರ ತಂದಿತು, ಅಪ್ಪ ದಿನಾ ಬೆಳಿಗ್ಗೆ ‘ಆಯಿತಾ’ ಎಂದು ಕೇಳುತ್ತಿದ್ದರು.

ಅಂದಿನಿಂದ ನನ್ನ ಕ್ರಮ ಹೀಗಿದೆ. ಮೊದಲು ಸಿಂಕ್, ಆಮೇಲೆ ಕೆಲಸ ಪೂರ್ತಿ ಮುಗಿಯುವವರೆಗೆ ಸಿಂಕ್ ಮುಟ್ಟುವುದೇ ಇಲ್ಲ. ಜಿಸಿಸಿ ಹೊಸದಿದ್ದರೆ ಅದು ಎಲ್ಲಕ್ಕಿಂತ ಮೊದಲು, ನಾಲ್ಕು ಗಂಟೆ ಬೇಕು, ಆಮೇಲೆ ಕಟ್ಟುವುದೆಲ್ಲ ಅದರಿಂದಲೇ ಕಟ್ಟಲಿ. ಆಮೇಲೆ ಐಸಿಯು, ಲಿಬ್‌ಎಕ್ಸ್‌ಎಂಎಲ್2, ಪೈಥಾನ್‌ನಂಥ ಹಲವರು ಒರಗಿ ನಿಂತಿರುವ ಕಂಬಗಳು. ಆಮೇಲೆ ಸಣ್ಣವು ನೂರಾರು, ಹಗಲಿನಲ್ಲಿ, ಕೀಪ್ ಗೋಯಿಂಗ್ ಆಪ್ಶನ್ ಹಾಕಿ. ಅದಿದ್ದರೆ ಒಂದು ಕೆಟ್ಟರೂ ಅದಕ್ಕೆ ಸಂಬಂಧ ಇಲ್ಲದವು ಮುಂದುವರಿಯುತ್ತವೆ. ನಡುವೆ ಕರೆಂಟು ಹೋದರೆ ಎಮರ್ಜ್ ರೆಸ್ಯೂಮ್. ವೆಬ್‌ಕಿಟ್ ಕಟ್ಟಕಡೆಗೆ, ಅದರ ಮೇಲೆ ಎಪಿಫನಿ ಬಿಟ್ಟು ಬೇರೆ ಯಾರೂ ನಿಂತಿಲ್ಲದ ಕಾರಣ. ಯಾವುದಕ್ಕೆ ಎಷ್ಟು ಹೊತ್ತು ಎಂಬುದನ್ನು ಕ್ಯೂಲಾಪ್ ಹಳೆಯ ಲಾಗ್ ನೋಡಿ ಹೇಳುತ್ತದೆ. ಮೂರು ಗಂಟೆಗಿಂತ ಜಾಸ್ತಿಯದ್ದನ್ನು ಗುಡುಗು ಇರುವ ಸಂಜೆ ಶುರು ಮಾಡುವುದಿಲ್ಲ.

2023ರ ಡಿಸೆಂಬರ್‌ನಿಂದ ಜೆಂಟೂ ತಾನೇ ಸಿದ್ಧ ಬೈನರಿ ಪ್ಯಾಕೇಜುಗಳನ್ನೂ ಕೊಡುತ್ತಿದೆ, ಅದು ಒಳ್ಳೆಯ ಬದಲಾವಣೆ, ಅವಸರ ಇರುವವರು ಬಳಸಲೇಬೇಕು. ನನ್ನ ಯೂಸ್ ಫ್ಲಾಗ್ ಅವರದ್ದಕ್ಕೆ ಹೊಂದದ ಕಡೆ ಹೇಗೂ ಸೋರ್ಸ್‌ನಿಂದಲೇ ಕಟ್ಟಬೇಕು. ಅದರ ಬದಲು ನಾನು ಬಿಲ್ಡ್‌ಪಿಕೆಜಿ ಎಂಬ ಫೀಚರ್ ಹಾಕಿದೆ. ನಾನು ಕಟ್ಟಿದ ಪ್ರತಿಯೊಂದರ ಬೈನರಿ ನಕಲೂ ಉಳಿಯುತ್ತದೆ.

ಒಂಬತ್ತನೇ ದಿನ ಎಲ್ಲ ಸಾಲು ಮುಗಿಯಿತು. ಕಪ್ಪು ಕನ್ಸೋಲ್‌ನಲ್ಲಿ ಅಲ್ಲಿಯವರೆಗೆ ಕನ್ನಡ ಫೈಲ್ ಹೆಸರುಗಳೆಲ್ಲ ಬರೀ ಚೌಕಗಳಾಗಿ ಕಾಣುತ್ತಿದ್ದವು. ನೋಟೋ ಫಾಂಟ್, ಕನ್ನಡ ಟೈಪಿಂಗ್‌ಗೆ ಐಬಸ್, ಎಂ17ಎನ್ ಹಾಕಿ ಡೆಸ್ಕ್‌ಟಾಪ್ ತೆರೆದು ಎಡಿಟರ್‌ನಲ್ಲಿ ಎರಡು ಪದ ಟೈಪ್ ಮಾಡಿದೆ: ಸೂರ್ಯ, ರ‍್ಯಾಂಕ್. ಮೊದಲನೆಯದರಲ್ಲಿ ಅರ್ಕಾವತ್ತು ಬರಬೇಕು, ಎರಡನೆಯದರಲ್ಲಿ ರ ಪೂರ್ತಿಯಾಗಿ ನಿಂತು ಕೆಳಗೆ ಯ ಒತ್ತು ಬರಬೇಕು, ಅದಕ್ಕೆ ನಡುವೆ ಕಣ್ಣಿಗೆ ಕಾಣದ ಜೋಡಿಸುವ ಅಕ್ಷರ ಕೊಡಬೇಕು. ಹಾರ್ಫ್‌ಬಜ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಈ ಎರಡು ಪದ ಸಾಕು. ಎರಡೂ ಸರಿ ಬಂದವು.

ಅಪ್ಪ ಕನ್ನಡಕ ಹಾಕಿಕೊಂಡು ಕೂತರು. ಒಂದು ಬೆರಳಿನಲ್ಲಿ, ತುಂಬಾ ನಿಧಾನವಾಗಿ, ಶ್ರೀ ಗಣೇಶಾಯ ನಮಃ ಎಂದು ಹೊಡೆದರು. ಆಮೇಲೆ ಮುಂದಿನ ಸಾಲಿಗೆ ಹೋಗಿ, ‘ಈ ಕೃಷ್ಣಸಂಧಾನದ ಪುಸ್ತಕ ಗೆದ್ದಲು ಹಿಡಿದದ್ದು, ಇದನ್ನೇ ಮೊದಲು ಮಾಡ್ತೇನೆ, ಉಳಿದದ್ದು ಕಾಯ್ತದೆ’ ಅಂದರು.

ಬದಿಯಡ್ಕದಲ್ಲಿರುವ ತಮ್ಮನ ಹತ್ತಿರವೂ ಇದೇ ಎಕ್ಸ್220 ಇದೆ. ಬೈನರಿ ನಕಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿದ್ದೇನೆ, ವರ್ಲ್ಡ್ ಪಟ್ಟಿಯನ್ನೂ. ಆದಿತ್ಯವಾರ ಮಳೆ ಸ್ವಲ್ಪ ಬಿಟ್ಟರೆ ಹೋಗುವುದು.